ಲಾಳಿಯ ಮೊನೆ ಮತ್ತು ಸಮುದ್ರದ ಕೆಸರು

ನಮ್ಮ ಲ್ಯಾಬಿಗೆ ಯಾರೇ ಬರಲಿ, ನಾವು ಕೇಳುವ ಮೊದಲ ಮಾತು ಕಾಫಿ ಕುಡಿಯುತ್ತೀರಾ ಅಂತಲ್ಲ, ಪಿನ್ನು ಇದೆಯಾ ಅಂತ. ಗಂಡಸರು ಬೀಗದ ಕೈ, ಮೊಬೈಲು, ಬೆಲ್ಟು ತೆಗೆದಿಟ್ಟು ಮುಗಿಯಿತು ಅಂದುಕೊಳ್ಳುತ್ತಾರೆ. ಹೆಂಗಸರದು ಅಷ್ಟು ಸುಲಭವಲ್ಲ. ಸೆರಗಿಗೊಂದು ಪಿನ್ನು, ನೆರಿಗೆಗೊಂದು ಪಿನ್ನು, ಬಳೆಗೆ ಸಿಕ್ಕಿಸಿಕೊಂಡ ಪಿನ್ನಿನ ಗೊಂಚಲು, ಕರಿಮಣಿ ಸರದಲ್ಲಿ ಆಪತ್ತಿಗೆ ಇರಲಿ ಅಂತ ಇನ್ನೊಂದು. ಒಂದು ಸಲ ಬೆಂಗಳೂರಿನ ಕಾಲೇಜಿನಿಂದ ಬಂದ ಮೇಷ್ಟ್ರಮ್ಮ ಒಬ್ಬರು ತೆಗೆದಿಟ್ಟ ಪಿನ್ನುಗಳನ್ನು ನೋಡಿ, ಇವರು ಸಂತೆಯಲ್ಲಿ ಅಂಗಡಿ ಇಟ್ಟಿದ್ದಾರೇನೋ ಅನ್ನಿಸಿತ್ತು ನನಗೆ.

ಲ್ಯಾಬು ಅಂದರೆ ದೊಡ್ಡ ಕಟ್ಟಡವೇನಲ್ಲ. ಆವತಿಯ ಹತ್ತಿರ, ರಸ್ತೆಯಿಂದ ಒಳಗೆ, ದ್ರಾಕ್ಷಿ ತೋಟಗಳನ್ನು ದಾಟಿದ ಮೇಲೆ ಸಿಗುವ ಒಂದು ಮರದ ಗುಡಿಸಲು. ಅದರಲ್ಲಿ ಕಬ್ಬಿಣ ಇಲ್ಲ. ಮೊಳೆಗಳು ತಾಮ್ರದವು, ಬಾಗಿಲಿನ ಕೀಲು ಹಿತ್ತಾಳೆಯದು. ಇಟ್ಟಿಗೆ ಕೂಡ ಬಳಸಿಲ್ಲ, ಸುಟ್ಟ ಮಣ್ಣಿಗೂ ಕಾಂತತೆ ಅಂಟಿಕೊಂಡಿರುತ್ತದೆ. ಒಳಗೆ ಮಂಚದ ಗಾತ್ರದ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ತಾಮ್ರದ ತಂತಿ. ಆ ತಂತಿಯಲ್ಲಿ ಹದವಾಗಿ ಕರೆಂಟು ಹರಿಸಿದರೆ ಭೂಮಿಯ ಕಾಂತಶಕ್ತಿ ಚೌಕಟ್ಟಿನ ನಡುವೆ ಇಲ್ಲವಾಗುತ್ತದೆ. ಅಲ್ಲಿ ದಿಕ್ಸೂಚಿ ಇಟ್ಟರೆ ಅದಕ್ಕೆ ಉತ್ತರ ಯಾವ ಕಡೆ ಅಂತ ಗೊತ್ತಾಗುವುದಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಓದಲು ಬಾರದವರ ಹಾಗೆ ನಿಂತುಬಿಡುತ್ತದೆ. ಇಷ್ಟೆಲ್ಲ ಯಾಕೆಂದರೆ, ನಾವು ಅಳೆಯುವುದು ಕಾಂತತೆ ತೀರಾ ಕಡಿಮೆಯಿರುವ ವಸ್ತುವನ್ನು. ಸಮುದ್ರದ ತಳದ ಕೆಸರನ್ನು.

ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗಿ ಸಮುದ್ರದ ಕೆಸರಿಗೆ ಹೇಗೆ ಬಿದ್ದಳು ಅಂತ ಕೇಳಬೇಡಿ. ಭೌತಶಾಸ್ತ್ರ ಓದಿದೆ, ಕೆಲಸ ಬೇಕಿತ್ತು, ಸಿಕ್ಕಿತು. ಆಮೇಲೆ ಇಷ್ಟವಾಗಿಬಿಟ್ಟಿತು. ಸಮುದ್ರವನ್ನು ನಾನು ಕಣ್ಣಾರೆ ನೋಡಿದ್ದು ಮದುವೆಯಾದ ಮೇಲೆ, ಅದೂ ಕಾಲು ನೆನೆಸಿಕೊಳ್ಳುವಷ್ಟು. ಆದರೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ತಳ ಹೇಗಿರುತ್ತದೆ ಅಂತ ನನ್ನ ಬೆರಳಿಗೆ ಗೊತ್ತು. ಬೂದು ಬಣ್ಣ, ತಣ್ಣಗೆ, ದೋಸೆ ಹಿಟ್ಟಿಗಿಂತ ಗಟ್ಟಿ, ರಾಗಿ ಮುದ್ದೆಗಿಂತ ಮೆದು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಸಮುದ್ರದ ತಳಕ್ಕೆ ಸದಾ ಸಣ್ಣ ದೂಳು ಇಳಿಯುತ್ತಲೇ ಇರುತ್ತದೆ. ಅದರಲ್ಲಿ ಕಬ್ಬಿಣದ ಅಂಶವಿರುವ ಕಣಗಳು ಇಳಿಯುವಾಗ ಭೂಮಿಯ ಕಾಂತಶಕ್ತಿ ಯಾವ ಕಡೆ ಇದೆಯೋ ಆ ಕಡೆಗೆ ಮುಖ ಮಾಡಿ ಕೂರುತ್ತವೆ. ಮೇಲೆ ಇನ್ನಷ್ಟು ಕೆಸರು ಬಿದ್ದು ಗಟ್ಟಿಯಾದರೆ ಅವು ಹಾಗೇ ಉಳಿದುಬಿಡುತ್ತವೆ. ಈಗ ಭೂಮಿಯ ಕಾಂತೀಯ ಉತ್ತರ ಉತ್ತರದಲ್ಲೇ ಇದೆ. ಹಿಂದೆ ಎಷ್ಟೋ ಸಲ ಅದು ತಿರುವುಮುರುವಾಗಿದೆ. ಕೊನೆಯ ಸಲ ಪೂರ್ತಿ ತಿರುಗಿದ್ದು ಸುಮಾರು ಏಳೂಮುಕ್ಕಾಲು ಲಕ್ಷ ವರ್ಷದ ಹಿಂದೆ. ಹಡಗಿನವರು ಉದ್ದನೆಯ ಕೊಳವೆ ಚುಚ್ಚಿ ತಳದ ಕೆಸರನ್ನು ಪದರ ಕೆಡದ ಹಾಗೆ ಮೇಲೆತ್ತುತ್ತಾರೆ. ಅದು ತುಂಡು ತುಂಡಾಗಿ ನಮ್ಮಲ್ಲಿಗೆ ಬರುತ್ತದೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಅದರ ಉದ್ದಕ್ಕೂ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗಳನ್ನು ಒತ್ತಿ ಕೆಸರು ತುಂಬಿಸಿಕೊಂಡು, ಒಂದೊಂದು ಡಬ್ಬಿಯ ಕಣಗಳೂ ಯಾವ ಕಡೆ ಮುಖ ಮಾಡಿವೆ ಅಂತ ಚೌಕಟ್ಟಿನೊಳಗಿನ ಯಂತ್ರದಲ್ಲಿಟ್ಟು ನೋಡುತ್ತೇವೆ, ಅದು ಪರದೆಯ ಮೇಲೆ ಒಂದು ಬಾಣವಾಗಿ ತೋರಿಸುತ್ತದೆ. ದಕ್ಷಿಣದ ಸಮುದ್ರವಾದ್ದರಿಂದ ಹೊಸ ಪದರಗಳಲ್ಲಿ ಬಾಣ ಮೇಲಕ್ಕೆ ನೋಡುತ್ತದೆ. ತಿರುವಿನ ಕೆಳಗೆ ಹೋದರೆ ಅದೇ ಬಾಣ ಕೆಳಕ್ಕೆ ನೋಡುತ್ತದೆ. ಮೇಲಿನಿಂದ ಕೆಳಕ್ಕೆ ಬದಲಾಗುವ ಆ ಪದರ ಯಾವುದು ಅಂತ ಹೇಳುವುದು ನನ್ನ ಪಾಲಿನ ಕೆಲಸ.

ಆ ಪದರಕ್ಕೆ ವಯಸ್ಸು ಹೇಳುವವರು ಬೇರೆ ಊರಿನ ಲ್ಯಾಬಿನವರು. ಅದೇ ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಜೀವಿಗಳ ಚಿಪ್ಪುಗಳಿರುತ್ತವೆ. ಚಿಪ್ಪಿನ ಆಮ್ಲಜನಕವನ್ನು ಪರೀಕ್ಷಿಸಿದರೆ ಹಿಮಯುಗ ಯಾವಾಗ ಬಂತು, ಯಾವಾಗ ಹೋಯಿತು ಅಂತ ತಿಳಿಯುತ್ತದೆ. ಹಿಮಯುಗಗಳು ಭೂಮಿ ಸೂರ್ಯನನ್ನು ಸುತ್ತುವ ಬಗೆಗೆ ಹೊಂದಿಕೊಂಡು ಬರುವುದರಿಂದ ಲೆಕ್ಕ ಹಾಕಿ ವಯಸ್ಸು ಹೇಳಬಹುದು. ಅವರ ವಯಸ್ಸು, ನನ್ನ ಪದರ. ಎರಡೂ ಸೇರಿದರೆ ಮಾತ್ರ ಭೂಮಿಯ ಕಾಂತಶಕ್ತಿ ತಿರುಗಿದ ಕಾಲ ಗೊತ್ತಾಗುತ್ತದೆ. ನಾನು ಪದರವನ್ನು ತಪ್ಪಾಗಿ ತೋರಿಸಿದರೆ ಅವರ ಲೆಕ್ಕವೂ ನೀರಿನಲ್ಲಿ ಹೋಮ.

ನಾನು ಹೇಳಹೊರಟಿರುವ ಕೆಸರು ನನ್ನ ಕೈಗೆ ಬಂದಾಗ ನಾನು ಬಸುರಿ. ವಾಂತಿ ಎಲ್ಲ ಮುಗಿದು, ಹೊಟ್ಟೆ ಕಾಣುವಷ್ಟಾಗಿ, ಸಂಪ್ರದಾಯದಂತೆ ತವರಿಗೆ ಬಂದಿದ್ದೆ. ಗಂಡ ವಾರದ ಕೊನೆಯಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದ. ನಮ್ಮ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ನೇರ ಮಾತಿನವರು. "ನೋಡು, ಈ ಕೆಸರು ಒಣಗಿದ್ರೆ ಕುಗ್ಗುತ್ತೆ, ಕಣಗಳು ಅಲ್ಲಾಡಿಬಿಡ್ತವೆ. ಕಾಯ್ಕೊಂಡು ಕೂರೋಕೆ ಆಗಲ್ಲ. ನೀನು ರಜೆಗೆ ಹೋಗೋದ್ರೊಳಗೆ ಪದರ ಸಿಕ್ರೆ ಸರಿ. ಇಲ್ದಿದ್ರೆ ಉಳಿದ ಕೆಸರನ್ನ ಪುಣೆ ಕಡೆಯೋರಿಗೆ ಕೊಟ್ಬಿಡ್ತೀನಿ, ಅವರು ಮುಗಿಸ್ತಾರೆ" ಅಂದರು.

ಕೊಟ್ಟುಬಿಡುತ್ತೇನೆ ಅನ್ನುವ ಮಾತು ನನಗೆ ಚುಚ್ಚಿತು. ಡಬ್ಬಿ ಒತ್ತಿದವಳು ನಾನು, ದಿನಗಟ್ಟಲೆ ಸೊಂಟ ನೋಯಿಸಿಕೊಂಡವಳು ನಾನು. ಆ ತಿರುವನ್ನು ನಾನೇ ಮೊದಲು ನೋಡಬೇಕು ಅಂತ ನನಗೆ ಆಸೆ. ಆಸೆ ಅಂದರೆ ಸಣ್ಣ ಆಸೆಯಲ್ಲ, ಬಸುರಿಯ ಬಯಕೆಗಳಲ್ಲಿ ಅದೂ ಸೇರಿಕೊಂಡಿತ್ತು.

ಜೊತೆಗೆ ಅಳೆಯುವವನು ನನ್ನ ಸಹೋದ್ಯೋಗಿ, ಜಡಿಗೇನಹಳ್ಳಿಯ ಕಡೆಯವನು. ಮನೆಯಲ್ಲಿ ಟೊಮೇಟೊ, ಕೋಸು ಬೆಳೆಯುತ್ತಾರೆ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಕೆಲಸ ಬೇಗ ಸಾಗಲಿ ಅಂತ ಹಂಚಿಕೊಂಡೆವು. ಒಂದು ಡಬ್ಬಿ ಅವನು, ಮುಂದಿನದು ನಾನು, ಅದರ ಮುಂದಿನದು ಅವನು, ಹೀಗೆ. ಹಂಚಿಕೊಂಡರೆ ತಪ್ಪು ಸಿಕ್ಕಿಬೀಳುತ್ತದೆ ಅಂತ ನಾನೇ ಹೇಳಿದ್ದೆ.

ಒಳಗೆ ಹೋಗಲು ನನಗೊಂದು ಬಟ್ಟೆ ಬೇಕಾಗಿತ್ತು. ಮುಂಚಿನ ಚೂಡಿದಾರ ಯಾವುದೂ ಮೈಗೆ ಆಗುತ್ತಿರಲಿಲ್ಲ. ಅಮ್ಮನಿಗೆ ಹೇಳಿದೆ. ಹುಕ್ಕು ಬೇಡ, ಜಿಪ್ಪು ಬೇಡ, ಪಿನ್ನು ಬೇಡ, ಬರೀ ದಾರ ಕಟ್ಟುವ ಹಾಗಿರಲಿ. ನಮ್ಮ ಅಮ್ಮ ಮುಂದಿನ ಕೋಣೆಯಲ್ಲಿ ಪವರ್‌ಲೂಮ್ ಓಡಿಸುವವಳು. ಸೀರೆ ಬಿಟ್ಟರೆ ಅವಳಿಗೆ ಹೊಲಿಗೆಯೇ ಪ್ರಪಂಚ. ಹೊಲಿಯುತ್ತಾ ಕೇಳಿದಳು, "ಅದ್ಯಾಕೆ ಕಬ್ಬಿಣ ಆಗಲ್ಲ ಅಲ್ಲಿ?"

ನಾನು ಹುರುಪಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಚೌಕಟ್ಟಿನೊಳಗೆ ಭೂಮಿಯ ಶಕ್ತಿಯೇ ಇರುವುದಿಲ್ಲ, ತೆಗೆದುಬಿಡುತ್ತೇವೆ ಅಂದೆ. ಕೆಸರು ಎಲ್ಲಿಂದ ಬಂತು, ಆ ಕಾಲದಲ್ಲಿ ಉತ್ತರ ಹೋಗಿ ದಕ್ಷಿಣ ಆಗಿತ್ತು, ಇದನ್ನೂ ಹೇಳಿದೆ. ಅಮ್ಮ ಸೂಜಿ ನಿಲ್ಲಿಸಿ ನನ್ನ ಹೊಟ್ಟೆಯನ್ನೇ ನೋಡಿದಳು. "ಅಂಥಾ ಜಾಗದಲ್ಲಿ ದಿನಾ ಕೂತಿರ್ತೀಯಾ?" ಅಂದಳು. "ಹೂಂ" ಅಂದೆ. ಅವಳು ಮತ್ತೆ ಹೊಲಿಯತೊಡಗಿದಳು. ಅಷ್ಟು ಬೇಗ ಸುಮ್ಮನಾದದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಎರಡು ದಿನದಲ್ಲಿ ಗೌನು ಬಂತು. ನೀಲಿ ಕಾಟನ್ನು, ಬೆನ್ನಿಗೆ ಕಟ್ಟುವ ದಾರ, ಹೊಟ್ಟೆಯ ಹತ್ತಿರ ಅಗಲವಾದ ಪಟ್ಟಿ. ಪಟ್ಟಿ ದಪ್ಪಗಿತ್ತು. "ಡಬಲ್ ಹೊಲಿಗೆ ಹಾಕಿದೀನಿ, ಹೊಟ್ಟೆಗೆ ಆಸರೆ" ಅಂದಳು ಅಮ್ಮ. ಹಾಕಿಕೊಂಡರೆ ರಾಜಮನೆತನದ ಬಸುರಿಯ ಹಾಗೆ ಕಾಣುತ್ತೇನೆ ಅಂತ ಸಹೋದ್ಯೋಗಿ ಹೊಗಳಿದ, ಬಹುಶಃ ಗೇಲಿ ಮಾಡಿದ.

ಮೊದಲ ವಾರದ ಅಳತೆಗಳನ್ನು ಪರದೆಯ ಮೇಲೆ ಹಾಕಿದಾಗ ನಮಗೆ ನಗು ಬಂತು. ಎರಡನೆಯ ವಾರದ್ದನ್ನು ಹಾಕಿದಾಗ ನಗು ನಿಂತಿತು. ಅವನು ಅಳೆದ ಡಬ್ಬಿಗಳು ಒಂದರ ಕೆಳಗೊಂದು ಶಿಸ್ತಾಗಿ ಮೇಲಕ್ಕೆ ನೋಡುತ್ತಿದ್ದವು. ನಡುನಡುವಿನ ನನ್ನ ಡಬ್ಬಿಗಳು ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಕೆಳಕ್ಕೆ, ಬಾಯಿಗೆ ಬಂದ ಹಾಗೆ ಮಾತಾಡುವವರಂತೆ. ನನ್ನ ಪ್ರಕಾರ ಭೂಮಿ ಒಂದು ಗೇಣಿನಷ್ಟು ಕೆಸರಿನಲ್ಲಿ ಎಂಟು ಹತ್ತು ಸಲ ಪಲ್ಟಿ ಹೊಡೆದಿತ್ತು.

"ನೀನ್ ಒಳಗೆ ಹೋದ್ರೆ ಸಮುದ್ರ ಸುಳ್ಳು ಹೇಳುತ್ತೆ ಕಣೆ" ಅಂದ ಅವನು.

"ನಿನ್ನ ಡಬ್ಬಿನೇ ಸುಳ್ಳು ಇರ್ಬೋದು" ಅಂದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆ ದಿನಗಳಲ್ಲಿ ಅಲ್ಲಿಂದ ಇಳಿಯುತ್ತಲೇ ಇರಲಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು, ಮೃದುವಾಗಿ, "ಸುಸ್ತಾಗ್ತಿದೆಯಾ? ಬೇಕಿದ್ರೆ ಅವನೇ ಎಲ್ಲ ಅಳೀಲಿ. ಆಗ್ದಿದ್ರೆ ಪುಣೆಗೆ ಕಳ್ಸೋಣ" ಅಂದರು. ಆ ಮೃದುತನ ನನಗೆ ತಡೆಯಲಾಗಲಿಲ್ಲ. ಬಚ್ಚಲಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು, ಯಂತ್ರದಲ್ಲೇ ಏನೋ ಇದೆ, ಡಬ್ಬಿ ಇಡದಿದ್ದಾಗಲೂ ಪರದೆಯ ಮೇಲೆ ಅದರ ಗೆರೆ ನೆಟ್ಟಗಿರುವುದಿಲ್ಲ, ಗುಡಿಸಲಲ್ಲಿ ಎಲ್ಲೋ ಕಬ್ಬಿಣ ಸೇರಿಕೊಂಡಿದೆ, ಹುಡುಕೋಣ ಅಂತ ಹಟ ಹಿಡಿದೆ.

ಮಾರನೆಯ ದಿನ ಹುಡುಕಾಟ. ಚೌಕಟ್ಟಿನ ಕರೆಂಟು ನಿಲ್ಲಿಸಿ, ಸಹೋದ್ಯೋಗಿ ದಿಕ್ಸೂಚಿ ಹಿಡಿದುಕೊಂಡು ಮೂಲೆ ಮೂಲೆ ತಿರುಗಿದ. ಮುಳ್ಳು ಉತ್ತರ ಬಿಟ್ಟು ಕದಲಲಿಲ್ಲ. ಬಾಗಿಲು, ಕಿಟಕಿ, ಮೇಜಿನ ಅಡಿ, ಎಲ್ಲ ಶುದ್ಧ. ಮೇಡಂ ಹೊರಗಿನಿಂದ ನೋಡುತ್ತಿದ್ದರು. ನಾನು ಗೌನು ಹಾಕಿಕೊಂಡು ಒಳಗೆ ಬಂದು ಅವನ ಪಕ್ಕ ನಿಂತೆ.

ಅವನು ದಿಕ್ಸೂಚಿ ನೋಡಿದ, ನನ್ನನ್ನು ನೋಡಿದ. "ಸ್ವಲ್ಪ ಆ ಕಡೆ ಹೋಗು" ಅಂದ. ಹೋದೆ. "ಈಗ ಈ ಕಡೆ ಬಾ." ಬಂದೆ. "ಒಂದು ಸುತ್ತು ಹಾಕು." ಹಾಕಿದೆ. ಮುಳ್ಳು ನನ್ನ ಹಿಂದೆಯೇ ಸುತ್ತಿತು, ನೆಂಟರ ಮನೆಯಲ್ಲಿ ಮಗು ಅಮ್ಮನ ಹಿಂದೆ ಹೋಗುವ ಹಾಗೆ.

"ಅಯ್ಯೋ ಗುರು" ಅಂದ ಅವನು. "ಉತ್ತರ ಇಲ್ಲೇ ನಿಂತಿದೆಯಲ್ಲ."

"ನನ್ ಮೈಮೇಲೆ ಒಂದು ಪಿನ್ನೂ ಇಲ್ಲ, ಬೇಕಿದ್ರೆ ನೋಡ್ಕೊ" ಅಂದೆ.

ಅವನು ಗಂಭೀರವಾಗಿ ಯೋಚಿಸಿ, "ಸರ್ಕಾರಿ ಆಸ್ಪತ್ರೆಯಲ್ಲಿ ಐರನ್ ಮಾತ್ರೆ ಕೊಟ್ಟಿದಾರಾ ನಿಂಗೆ?" ಅಂದ.

ಕೊಟ್ಟಿದ್ದರು. ದಿನಾ ತಪ್ಪದೆ ನುಂಗುತ್ತಿದ್ದೆ. ನಾವಿಬ್ಬರೂ ಇಷ್ಟು ಓದಿದವರು, ಸ್ವಲ್ಪ ಹೊತ್ತು ನಿಜವಾಗಿಯೂ ಅದೇ ಇರಬಹುದು ಅಂದುಕೊಂಡೆವು. ಹೊಟ್ಟೆಯಲ್ಲಿರುವ ಮಗುವನ್ನೇ ಅಯಸ್ಕಾಂತ ಮಾಡಿಬಿಟ್ಟೆನಾ ಅಂತ ನನ್ನ ಜೀವ ಬಾಯಿಗೆ ಬಂತು. ಮೇಡಂ ಹೊರಗೆ ಗೋಡೆ ಹಿಡಿದುಕೊಂಡು ನಗುತ್ತಿದ್ದರು. ಅವರು ಅಷ್ಟು ನಕ್ಕದ್ದನ್ನು ನಾನು ಮುಂಚೆ ನೋಡಿರಲಿಲ್ಲ. ಕೊನೆಗೆ ಒಳಗೆ ಬಂದು, ದಿಕ್ಸೂಚಿ ತೆಗೆದುಕೊಂಡು, ಗೌನಿನ ಉದ್ದಕ್ಕೂ ನಿಧಾನವಾಗಿ ಸರಿಸಿದರು. ಹೊಟ್ಟೆಯ ಪಟ್ಟಿಯ ಎಡತುದಿಗೆ ಬಂದಾಗ ಮುಳ್ಳು ಪಟಕ್ಕನೆ ಅಂಟಿಕೊಂಡಂತೆ ನಿಂತಿತು.

ಗೌನು ಬದಲಿಸಿ ಬಂದು ಪಟ್ಟಿಯ ಹೊಲಿಗೆ ಬಿಚ್ಚಿದೆ. ಅಮ್ಮನ ಗಂಟು, ನನಗೆ ಗುರುತು ಸಿಗದಿದ್ದೀತೇ. ಮೂರು ಮಡಿಕೆ ಹಳದಿ ಬಟ್ಟೆಯೊಳಗೆ, ಹೆಬ್ಬೆರಳಿನ ತುದಿಯಷ್ಟು ಕಪ್ಪಗಿನ ಉಕ್ಕಿನ ಮೊನೆ. ನೂಲು ಹೊತ್ತು ಕೈಮಗ್ಗದಲ್ಲಿ ಅಡ್ಡಡ್ಡ ಓಡುವ ಲಾಳಿಯ ಎರಡೂ ತುದಿಗೆ ಹಾಕುತ್ತಾರಲ್ಲ, ಅದು. ಎಷ್ಟೋ ವರ್ಷ ಮಗ್ಗದಲ್ಲಿ ಆ ಕಡೆ ಈ ಕಡೆ ಬಡಿತ ತಿಂದು ಅದಕ್ಕೆ ಚೆನ್ನಾಗಿ ಕಾಂತತೆ ಏರಿತ್ತು. ನಾನು ಹೊಟ್ಟೆ ಮುಂದೆ ಬಂದಿದ್ದರಿಂದ ಡಬ್ಬಿಗಳ ತಟ್ಟೆಯನ್ನು ಅದರ ಮೇಲೆಯೇ ಆನಿಸಿಕೊಂಡು ಕೂರುತ್ತಿದ್ದೆ. ಹಳೆಯ ಕಾಂತತೆ ಕಾಣಲಿ ಅಂತ ಮೇಲೆ ಅಂಟಿದ ಹೊಸದನ್ನು ಅಳಿಸಿ ಶುದ್ಧ ಮಾಡಿದ ಕೆಸರಿಗೆ ಲಾಳಿಯ ಮೊನೆ ತನ್ನದನ್ನು ಸವರಿ ಕಳಿಸುತ್ತಿತ್ತು.

ಸಂಜೆ ದೊಡ್ಡಬಳ್ಳಾಪುರದವರೆಗೂ ಲ್ಯಾಬಿನ ಜೀಪಿನಲ್ಲಿ ಹಲ್ಲು ಕಚ್ಚಿಕೊಂಡು ಬಂದೆ. ಮಗ್ಗ ಓಡುತ್ತಿತ್ತು. ನಮ್ಮ ಬೀದಿಯಲ್ಲಿ ಜಗಳ ಆಡಬೇಕೆಂದರೂ ಮಗ್ಗದ ಸದ್ದಿಗಿಂತ ಮೇಲೆ ಕೂಗಬೇಕು, ಕೂಗಿ ಕೂಗಿ ಅರ್ಧ ಕೋಪ ಅಲ್ಲೇ ಖರ್ಚಾಗುತ್ತದೆ. ನಾನು ಕೂಗಲಿಲ್ಲ. ಮೊನೆಯನ್ನು ಅಂಗೈಯಲ್ಲಿಟ್ಟು ಅವಳ ಮುಖದ ಮುಂದೆ ಹಿಡಿದೆ. ಅಮ್ಮ ಸೀರೆಯ ನಡುವೆ ಮಗ್ಗ ನಿಲ್ಲಿಸುವವಳಲ್ಲ. ಅವತ್ತು ನಿಲ್ಲಿಸಿದಳು.

"ಏನಮ್ಮಾ ಇದು?"

"ಕಬ್ಬಿಣ" ಅಂದಳು, ನಾನು ಗುರುತು ಹಿಡಿಯಲಾರದೆ ಕೇಳಿದೆನೇನೋ ಅನ್ನುವಂತೆ.

"ನಾನು ಕಬ್ಬಿಣ ಬೇಡ ಅಂತ ತಾನೇ ಹೇಳಿದ್ದು? ಎರಡು ವಾರದ ಕೆಲಸ ಹಾಳಾಯ್ತು. ಎಲ್ಲಾರೂ ನಾನೇ ಕೆಲಸ ಬರ್ದೇ ಇರೋಳು ಅಂದ್ಕೊಂಡ್ರು."

"ಬಸುರಿ ಹೆಂಗಸು ಹೊಸ್ತಿಲು ದಾಟಿದ್ರೆ ಸೊಂಟದಲ್ಲಿ ಒಂಚೂರು ಕಬ್ಬಿಣ ಇರ್ಬೇಕು. ನೀನು ಹೋಗೋದು ಭೂಮ್ತಾಯಿ ಶಕ್ತಿನೇ ಇಲ್ದಿರೋ ಜಾಗಕ್ಕೆ. ನೀನೇ ಹೇಳ್ದೆ. ನಾನ್ ಹೆಂಗೆ ಸುಮ್ನಿರ್ಲಿ?"

"ಅಮ್ಮಾ, ಅದು ಬರೀ ಕಬ್ಬಿಣ ಕಣಮ್ಮ. ಅದೇನ್ ಮಾಡುತ್ತೆ?"

"ಏನೂ ಮಾಡ್ದಿದ್ರೆ ನಿಮ್ ಮಿಷನ್ನು ಯಾಕೆ ಅಷ್ಟು ಹೆದ್ರುತ್ತೆ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ನಗು ಮೊದಲು ಬಂತು, ತಡೆದುಕೊಂಡೆ. ಅಮ್ಮ ನಗಲಿಲ್ಲ. ಮೊನೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದಳು.

"ನಿನಗಿಂತ ಮುಂಚೆ ಒಂದಿತ್ತು. ಗೊತ್ತಲ್ಲ?" ಅಂದಳು.

ಗೊತ್ತಿತ್ತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೂ ಗೊತ್ತಿತ್ತು. ಏಳನೇ ತಿಂಗಳಲ್ಲಿ ಹೋಯಿತಂತೆ, ಗಂಡುಮಗು.

"ಆಮೇಲೆ ನೀನು ನಿಂತಾಗ ನಮ್ಮತ್ತೆ ಅವರ ಲಾಳಿ ಮೊನೆ ಕಿತ್ತು ನನ್ ರವಿಕೆಗೆ ಹೊಲಿದ್ರು. ಒಂಬತ್ತು ತಿಂಗಳೂ ಇಲ್ಲೇ ಇತ್ತು" ಅಂದು ಎದೆಯ ಕೆಳಗೆ ಮುಟ್ಟಿಕೊಂಡಳು. "ಇದೇ. ನೀನು ಉಳ್ಕೊಂಡೆ."

ಅಜ್ಜಿಯ ಮಗ್ಗದ ಮೊನೆ ಅಂತ ನನಗೆ ಗೊತ್ತಿರಲಿಲ್ಲ. ನಾನೂ ಅಮ್ಮನ ಜೊತೆ ಕೂತುಬಿಟ್ಟೆ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ, ಅಳುವೂ ಬರಲಿಲ್ಲ. ಅವಳ ಭಯದ ಮುಂದೆ ನನ್ನ ಪದರದ ಆಸೆ ಚಿಕ್ಕದು ಅನ್ನಿಸಿತು. ಹಾಗಂತ ಬಿಟ್ಟುಕೊಡಲೂ ಮನಸ್ಸಾಗಲಿಲ್ಲ. ಇದನ್ನು ಹಾಗೇ ಅವಳಿಗೆ ಹೇಳಿದೆ. "ನಂಗೆ ಆ ಕೆಲಸ ಬೇಕಮ್ಮ. ಇದನ್ನ ಹಾಕ್ಕೊಂಡು ಮಾಡಕ್ಕಾಗಲ್ಲ."

ಅಮ್ಮ ಮೊನೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಹತ್ರ ಇದ್ರೆ ತಾನೇ ತೊಂದ್ರೆ? ಎಷ್ಟು ದೂರ ಇದ್ರೆ ಆಗುತ್ತೆ?" ಅಂದಳು.

ಹಾಗೆ ಅಮ್ಮ ಲ್ಯಾಬಿಗೆ ಬಂದಳು. ಮಗ್ಗಕ್ಕೆ ಪಕ್ಕದ ಮನೆಯವಳನ್ನು ಕೂರಿಸಿ, ನನ್ನ ಜೊತೆ ಜೀಪು ಹತ್ತಿದಳು. ಮೇಡಂಗೆ ವಿಷಯ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, "ಅಳತೆ ಮಾಡ್ಬಿಡೋಣ" ಅಂದರು. ಸಹೋದ್ಯೋಗಿ ಒಳಗೆ ಯಂತ್ರದ ಮುಂದೆ ಕೂತ. ಅಮ್ಮ ಮೊನೆಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಂದ ಹಿಂದಕ್ಕೆ ಹೆಜ್ಜೆ ಇಡತೊಡಗಿದಳು, ಗುಡಿಸಲಿಗೆ ಬೆನ್ನು ಹಾಕದೆ.

"ಇನ್ನೂ ಹಿಂದೆ ಹೋಗಮ್ಮಾ" ಅಂತ ಅವನು ಒಳಗಿಂದ ಕೂಗಿದ.

ಹಿಂದೆ ಹೋದಳು. ಕನಕಾಂಬರದ ಗಿಡ ದಾಟಿದಳು.

"ಇನ್ನೂ ಸ್ವಲ್ಪ."

"ಇನ್ನೇನು ನಂದಿಬೆಟ್ಟಕ್ಕೆ ಹತ್ತಿಸ್ತೀಯೇನಪ್ಪಾ?" ಅಂದಳು ಅಮ್ಮ. ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಕಲ್ಲಿತ್ತು. ಅಲ್ಲಿಗೆ ಹೋಗುವ ಎಷ್ಟೋ ಮುಂಚೆಯೇ ಯಂತ್ರದ ಗೆರೆ ನೆಟ್ಟಗಾಗಿತ್ತಂತೆ, ಭದ್ರಕ್ಕಿರಲಿ ಅಂತ ಅವನು ಕೂಗುತ್ತಲೇ ಇದ್ದ. ಅಮ್ಮ ಕಲ್ಲಿನ ಮೇಲೆ ಕೂತು, ಅಲ್ಲಿಂದ ಬಾಗಿಲು ಕಾಣುತ್ತದೆ ಅಂತ ನೋಡಿಕೊಂಡು, ಆಗಬಹುದು ಅಂತ ತಲೆಯಾಡಿಸಿದಳು. ಅವಳ ಮಡಿಲಲ್ಲಿ ಮೊನೆ, ನಾನು ಒಳಗೆ. ಅಷ್ಟು ದೂರದ ಕಬ್ಬಿಣ ನನ್ನನ್ನು ಕಾಯುತ್ತದೆ ಅಂತ ಅವಳೇ ತೀರ್ಮಾನ ಮಾಡಿಕೊಂಡಳು.

ಆಮೇಲಿನ ದಿನಗಳು ನನ್ನ ಬಸುರಿನ ದಿನಗಳಲ್ಲೇ ಸುಖದವು. ಮೊನೆ ಸವರಿದ್ದು ಮೇಲುಮೇಲಿನ ಕಾಂತತೆ, ಮತ್ತೊಮ್ಮೆ ಶುದ್ಧ ಮಾಡಿದರೆ ಹೋಗುವಂಥದು. ನನ್ನ ಡಬ್ಬಿಗಳನ್ನೆಲ್ಲ ಮೊದಲಿಂದ ಅಳೆದೆ. ಅವು ಒಂದೊಂದಾಗಿ ಅವನ ಡಬ್ಬಿಗಳ ಸಾಲಿಗೆ ಬಂದು ನಿಂತವು. ಅಮ್ಮ ಮರದ ಕೆಳಗೆ ಹತ್ತಿಯ ಬತ್ತಿ ಹೊಸೆಯುತ್ತಾ, ದೇವನಹಳ್ಳಿಯಿಂದ ಮೇಲೇಳುವ ವಿಮಾನಗಳನ್ನು ನೋಡುತ್ತಾ ಕೂರುತ್ತಿದ್ದಳು. ಸಹೋದ್ಯೋಗಿ ಬಿಡುವಾದಾಗ ಹೋಗಿ ಅವಳ ಜೊತೆ ಟೊಮೇಟೊ ರೇಟಿನ ಬಗ್ಗೆ ಮಾತಾಡುತ್ತಿದ್ದ. ಮಧ್ಯಾಹ್ನ ಎಲ್ಲರೂ ಮರದ ಕೆಳಗೇ ಊಟ. ಮೇಡಂ ಅಮ್ಮನ ಹುರಳಿಕಾಳು ಸಾರಿಗೆ ಸೋತುಹೋದರು.

ಡಬ್ಬಿಗಳು ಕೆಳಕ್ಕೆ ಕೆಳಕ್ಕೆ ಹೋದಂತೆ ಬಾಣದ ಬಲ ಕುಂದತೊಡಗಿತು. ತಿರುವು ಹತ್ತಿರ ಬಂದರೆ ಹಾಗಾಗುತ್ತದೆ, ತಿರುಗುವ ಮುಂಚೆ ಭೂಮಿಯ ಶಕ್ತಿ ಇಳಿದುಹೋಗುತ್ತದೆ. ಸಾಮಾನ್ಯವಾಗಿ ನಾನು ಒಳಗೆ ಗುನುಗುತ್ತಲೋ, ಯಂತ್ರವನ್ನು ಬೈಯುತ್ತಲೋ ಇರುವವಳು. ಅವತ್ತು ಪರದೆಯನ್ನೇ ನೋಡುತ್ತಾ ಸದ್ದಿಲ್ಲದೆ ಕೂತಿದ್ದೆ. ಒಂದು ಡಬ್ಬಿಯ ಬಾಣ ಮೇಲಿನಿಂದ ವಾಲಿತ್ತು. ಅವನು ಅಳೆದಿಟ್ಟ ಮುಂದಿನದು ಇನ್ನಷ್ಟು ವಾಲಿತ್ತು. ಅದರ ಮುಂದಿನದನ್ನು ಇಡುವ ಮೊದಲು ಖಾಲಿ ಯಂತ್ರದ ಗೆರೆ ನೋಡಿದರೆ, ಅದು ಅಲುಗಾಡುತ್ತಿತ್ತು. ನೋಡುನೋಡುತ್ತಿದ್ದಂತೆ ಮೇಲೇರಿತು.

ಬಾಗಿಲು ತೆಗೆದೆ. ಅಮ್ಮ ಹೊಸ್ತಿಲ ಹತ್ತಿರ ನಿಂತಿದ್ದಳು, ಮುಷ್ಟಿ ಬಿಗಿಯಾಗಿತ್ತು.

"ಒಳಗಿಂದ ಸದ್ದೇ ಬರ್ಲಿಲ್ಲ" ಅಂದಳು. "ಬೈಯೋದೂ ಕೇಳಿಸ್ಲಿಲ್ಲ."

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಅವಳ ಹಣೆ ಬೆವೆತಿತ್ತು. "ಚೆನ್ನಾಗಿದೀನಮ್ಮ. ಇನ್ನು ಹಾಡು ಹೇಳ್ತಾ ಇರ್ತೀನಿ, ಹೋಗು" ಅಂದೆ. ಅವಳು ಹಿಂದೆ ಹಿಂದೆ ನಡೆದು ಕಲ್ಲಿನ ಮೇಲೆ ಕೂತು ಕೈ ಎತ್ತಿದಳು. ಒಳಗೆ ಗೆರೆ ನೆಟ್ಟಗಾಯಿತು. ನಾನು ಗಟ್ಟಿಯಾಗಿ ಹಾಡುತ್ತಾ ಡಬ್ಬಿ ಇಟ್ಟೆ. ಬಾಣ ಮೇಲಕ್ಕೂ ಇರಲಿಲ್ಲ, ಕೆಳಕ್ಕೂ ಇರಲಿಲ್ಲ, ಚಾಪೆಯ ಮೇಲೆ ಮಲಗಿದಂತೆ ಅಡ್ಡ ಬಿದ್ದಿತ್ತು. ಅದರ ಮುಂದಿನದು ಅವನ ಪಾಲಿನದು, ಆದರೆ ಕರೆಯುವ ತಾಳ್ಮೆ ಯಾರಿಗಿದೆ, ನಾನೇ ಇಟ್ಟೆ. ಅದು ಕೆಳಕ್ಕೆ ನೋಡುತ್ತಿತ್ತು. ಅದರ ಮುಂದಿನದೂ ಕೆಳಕ್ಕೆ.

ಮೇಡಂಗೆ ಹೇಳುವ ಮೊದಲು ಮರದ ಕೆಳಗೆ ಹೋದೆ. "ಸಿಕ್ತಮ್ಮ" ಅಂದೆ. ಸಂತೋಷಕ್ಕೆ ಅಲ್ಲೇ ನಿಂತು ನಗುತ್ತಿದ್ದೆ.

ಅಮ್ಮ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. "ಒಂದೇ ಸಲಕ್ಕೆ ತಿರುಗ್ಬಿಡ್ತಾ?"

"ಇಲ್ಲಮ್ಮ. ನಿಧಾನಕ್ಕೆ, ಸಾವಿರಾರು ವರ್ಷ."

"ಆಗ ಜನ ಇದ್ರಾ?"

"ಇದ್ರು. ನಮ್ಮಂಗೆ ಅಲ್ಲ, ನಮಗಿಂತ ತುಂಬ ಹಿಂದಿನೋರು. ಅವರಿಗೆ ಗೊತ್ತೇ ಆಗಿರಲ್ಲ."

"ಬಸುರಿಯರೂ ಇದ್ದಿರ್ತಾರೆ."

"ಇದ್ದೇ ಇರ್ತಾರೆ."

"ಅವರ ಹತ್ರ ಕಬ್ಬಿಣ ಇತ್ತಾ?"

"ಇಲ್ಲ, ಕಬ್ಬಿಣ ಆಮೇಲೆ ಬಂದಿದ್ದು."

ಅಮ್ಮ ಮಡಿಲಿನ ಮೊನೆಯನ್ನು ನೋಡಿಕೊಂಡಳು. "ಪಾಪ" ಅಂದಳು, ಏಳೂಮುಕ್ಕಾಲು ಲಕ್ಷ ವರ್ಷದ ಹಿಂದಿನ ಆ ಹೆಂಗಸರು ಪಕ್ಕದ ಬೀದಿಯವರೇನೋ ಅನ್ನುವ ಹಾಗೆ.

ಚಿಪ್ಪಿನ ಲ್ಯಾಬಿನವರ ವಯಸ್ಸು ಬರುವಷ್ಟರಲ್ಲಿ ನನ್ನ ಮಗಳು ಹುಟ್ಟಿದ್ದಳು. ಮೇಡಂ ಫೋನು ಮಾಡಿದರು. ನಮ್ಮ ಪದರದ ವಯಸ್ಸು ಬೇರೆ ಕಡೆಯವರು ಹೇಳಿದ್ದಕ್ಕಿಂತ ಒಂಚೂರು ಹಳೆಯದು ಬಂದಿತ್ತು. ಅದಕ್ಕೂ ಕಾರಣ ಗೊತ್ತಿದ್ದದ್ದೇ. ತಳದ ಮೇಲ್ಗಡೆಯ ಕೆಸರು ಸಡಿಲ, ಹುಳುಗಳು ಕಲಕುತ್ತಿರುತ್ತವೆ, ಕಣಗಳು ಅಲ್ಲಿ ನಿಲ್ಲುವುದಿಲ್ಲ. ಕೆಳಗೆ ಹೂತುಹೋಗಿ ಗಟ್ಟಿಯಾದ ಮೇಲೇ ನಿಲ್ಲುವುದು, ಮಗ್ಗದ ಉದ್ದಕ್ಕೆ ಎಳೆಯುವ ಹಾಸಿನ ನೂಲು ಗಂಜಿ ಒಣಗಿದ ಮೇಲೆ ಬಿಗಿಯಾಗುವ ಹಾಗೆ. ಹಾಗಾಗಿ ಹೊಸ ಸುದ್ದಿ ಹಳೆಯ ಪದರದಲ್ಲಿ ದಾಖಲಾಗಿರುತ್ತದೆ. ಅದನ್ನು ಕಳೆದು ನೋಡಿದರೆ ಹೊಂದಿಕೊಂಡಿತು. ಮಗಳಿಗೆ ಹಾಲು ಕುಡಿಸುತ್ತಾ ಅದನ್ನೆಲ್ಲ ಕೇಳಿಸಿಕೊಂಡೆ. ಮೊನೆ ಆಗ ತೊಟ್ಟಿಲ ಬಟ್ಟೆಯ ಅಡಿ ಇತ್ತು. ನಾನು ತಕರಾರು ಮಾಡಲಿಲ್ಲ.

ರಜೆ ಮುಗಿದು ಲ್ಯಾಬಿಗೆ ಹೋದ ಮೊದಲ ದಿನ, ಮಗಳನ್ನು ಅಮ್ಮನ ಬಳಿ ಬಿಟ್ಟು ಬಂದಿದ್ದೆ. ಬೀಗದ ಕೈ, ಮೊಬೈಲು, ಊಟದ ಚೀಲ ಎಲ್ಲವನ್ನೂ ಮರದ ಹತ್ತಿರದ ಗೂಡಿನಲ್ಲಿಟ್ಟು ಒಳಗೆ ಕೂತೆ. ಹೊಸ ಕೆಸರು ಬಂದಿತ್ತು. ಯಂತ್ರ ಹಚ್ಚಿದೆ. ಗೆರೆ ನೆಟ್ಟಗಿತ್ತು, ಒಂದು ಕೂದಲೆಳೆಯೂ ಅಲುಗಾಡಲಿಲ್ಲ. ಅಂಥ ಗೆರೆಗಾಗಿ ಎಷ್ಟು ಒದ್ದಾಡಿದ್ದೆ. ಅವತ್ತು ಅದನ್ನು ನೋಡಿ ಬೇಜಾರಾಯಿತು. ಎದ್ದು ಬಾಗಿಲು ತೆಗೆದು ನೋಡಿದೆ. ಕಲ್ಲಿನ ಮೇಲೆ ಹೊಂಗೆ ಎಲೆ ಬಿದ್ದಿದ್ದವು.

ಮಧ್ಯಾಹ್ನ ಆ ಕಲ್ಲಿನ ಮೇಲೇ ಕೂತು ಊಟದ ಚೀಲ ಬಿಚ್ಚಿದೆ. ಡಬ್ಬಿಯ ಕೆಳಗೆ ಹಳದಿ ಬಟ್ಟೆಯ ಗಂಟು. ಕೈಗೆ ಸಿಕ್ಕ ಕೂಡಲೇ ಗೊತ್ತಾಯಿತು. ಅಮ್ಮನಿಗೆ ಫೋನು ಮಾಡಿದೆ. ಹಿಂದೆ ಮಗ್ಗದ ಸದ್ದಿರಲಿಲ್ಲ, ಮಗಳು ಏನೋ ಗೊಣಗುತ್ತಿದ್ದಳು.

"ಮೊನೆ ಯಾಕಮ್ಮ ನನ್ ಚೀಲಕ್ಕೆ ಹಾಕ್ದೆ? ತೊಟ್ಟಿಲಲ್ಲಿ ತಾನೇ ಇರ್ಬೇಕು?"

"ಮಗೂಗೆ ನಾನಿದೀನಲ್ಲ" ಅಂದಳು ಅಮ್ಮ. "ನಿಂಗೆ ಅಲ್ಲಿ ಯಾರಿದಾರೆ?"

ಊಟ ಮುಗಿಸಿ, ಎಲೆಗಳನ್ನು ಗುಡಿಸಿ, ಮೊನೆಯನ್ನು ಅವಳು ಕೂರುತ್ತಿದ್ದ ಜಾಗದಲ್ಲಿ ಕಲ್ಲಿನ ಮೇಲಿಟ್ಟೆ. ಅಲ್ಲಿಂದ ಬಾಗಿಲು ಕಾಣುತ್ತದೆ. ಕೈ ತೊಳೆದುಕೊಂಡು ಒಳಗೆ ಹೋಗಿ, ಸ್ವಲ್ಪ ಗಟ್ಟಿಯಾಗಿಯೇ ಹಾಡುತ್ತಾ, ಮುಂದಿನ ಡಬ್ಬಿ ಇಟ್ಟೆ.